ಕಾಕಾ ಹೇಳಿದ ಕತ್ತಿ ಪಿಚ್ಚರ್

ನಮ್ಮ ಕಾಕಾನಿಗೆ ಇಂಗ್ಲಿಷ್ ಬರುವುದಿಲ್ಲ. ಈ ಮಾತನ್ನು ಗೋಕಾಕದ ನಮ್ಮ ಮನೆಯಲ್ಲಿ ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ. ಮೂಡಲಗಿಯ ಚಹದಂಗಡಿಯ ಮುಂದೆ ನಿಂತು ಹೇಳಿದ್ದರೆ ಅರವತ್ತು ದಾಟಿದ ಹತ್ತು ಮಂದಿಯಾದರೂ ಕಪ್ಪು-ಬಸಿ ಕೆಳಗಿಟ್ಟು ಬಂದು ನನ್ನ ಕಾಲರಿಗೆ ಕೈ ಹಾಕುತ್ತಿದ್ದರು! ಅವರು ಜೀವಮಾನದಲ್ಲಿ ನೋಡಿದ್ದು ಒಂದೇ ಒಂದು ಇಂಗ್ಲಿಷ್ ಸಿನಿಮಾ. ಅದನ್ನು ಅವರಿಗೆ ಕನ್ನಡದಲ್ಲಿ ತಿಳಿಸಿ ಹೇಳಿದವನು ನಮ್ಮ ಕಾಕಾ. ಹಾಗೆ ಹೇಳುವಾಗ ಅವನಿಗೆ ಬರುತ್ತಿದ್ದ ಇಂಗ್ಲಿಷ್ ಎಷ್ಟು ಎಂದು ಕೇಳುತ್ತೀರಾ? ಇಪ್ಪತ್ತಾರು ಅಕ್ಷರ. ಅದರಲ್ಲೂ ಎರಡು ಮೂರು ಅಕ್ಷರಗಳ ಬಗ್ಗೆ ಅವನಿಗೆ ಅನುಮಾನವಿತ್ತು.

ಕಾಕಾ, ಅಂದರೆ ನಮ್ಮಪ್ಪನ ತಮ್ಮ, ಕಸುಬಿನಿಂದ ದರ್ಜಿ. ಮೂಡಲಗಿಯಲ್ಲಿ ಇವತ್ತಿಗೂ ಅವನ ಅಂಗಡಿ ಇದೆ. ಟೇಪು ಹಿಡಿಯದೆ ಬರಿಗಣ್ಣಿನಿಂದಲೇ ಸೊಂಟದ ಅಳತೆ ಹೇಳುತ್ತೇನೆ ಎಂಬುದು ಅವನ ಹೆಮ್ಮೆ. ಅಳತೆ ಎಂದೂ ಸರಿ ಬಂದದ್ದಿಲ್ಲ ಎಂಬುದು ಊರಿನ ಅನುಭವ. "ಪ್ಯಾಂಟ ಸಡ್ಲ ಆಗೈತ್ರಿ" ಎಂದು ಯಾರಾದರೂ ತಂದರೆ, "ಪ್ಯಾಂಟ ಬರೋಬರಿ ಐತಿ, ನೀವ ಸೊರಗೀರಿ. ಮನ್ಯಾಗ ಹೊಟ್ಟಿಗಿ ಹಾಕ್ತಾರಿಲ್ಲೋ?" ಎಂದು ಗಿರಾಕಿಯ ಹೆಂಡತಿಯ ಮೇಲೆ ಹೊರಿಸಿ ಕಳಿಸುತ್ತಾನೆ. ಇಂಥವನ ಕೈಗೆ ಒಂದು ಮೈಕು ಸಿಕ್ಕರೆ ಏನಾಗಬೇಡ!

ಸಿಕ್ಕಿತು. ಎಂಬತ್ತರ ದಶಕದಲ್ಲಿ ನಮ್ಮ ಕಡೆಯ ಟಾಕೀಸುಗಳಿಗೆ ಇಂಗ್ಲಿಷ್ ಪಿಚ್ಚರ್ ಬಂದರೆ, ಪರದೆಯ ಬಾಜೂ ಒಬ್ಬ ಮನುಷ್ಯ ಮೈಕು ಹಿಡಿದು ನಿಂತು ಕಥೆ ಹೇಳುವ ರೂಢಿ ಇತ್ತು. ಪರದೆಯ ಮೇಲೆ ಅವರು ಇಂಗ್ಲಿಷಿನಲ್ಲಿ ಬಡಬಡಿಸಬೇಕು, ಕೆಳಗೆ ಇವನು ಕನ್ನಡದಲ್ಲಿ ಅದರ ಸಾರ ಹೇಳಬೇಕು. ಮೂಡಲಗಿಯ ಟಾಕೀಸಿನ ಮಾಲೀಕ ಒಮ್ಮೆ ಎಲ್ಲಿಂದಲೋ ಒಂದು ಕತ್ತಿಯ ಪಿಚ್ಚರ್ ತಂದ. ಮೈತುಂಬ ಎಣ್ಣೆ ಸವರಿಕೊಂಡ ಒಬ್ಬ ಪೈಲವಾನ, ಅವನ ಕೈಯಲ್ಲಿ ಮಿಂಚುವ ಕತ್ತಿ, ಗಡ್ಡದ ಒಬ್ಬ ಮಂತ್ರವಾದಿ, ಬೆಂಕಿ ಉಗುಳುವ ರಬ್ಬರಿನ ಪ್ರಾಣಿ, ಬಿಳಿ ಕುದುರೆ, ಹಿಮದ ಗುಡ್ಡ, ಒಬ್ಬಳು ಚೆಲುವೆ. ಕಥೆ ಹೇಳಲು ಇಂಗ್ಲಿಷ್ ಬಲ್ಲವರು ಬೇಕಾಗಿದ್ದರು. ಕಾಕಾನ ಅಂಗಡಿಯ ಬೋರ್ಡಿನ ಮೇಲೆ 'ಟೇಲರ್' ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಅಷ್ಟೇ ಸಾಕಾಯಿತು!

ಇಂಗ್ಲಿಷ್ ಹೆಸರುಗಳು ನಾಲಿಗೆಗೆ ಹೊರಳದ ಕಾರಣ ಕಾಕಾ ಮೊದಲ ದಿನವೇ ಎಲ್ಲರಿಗೂ ನಾಮಕರಣ ಮಾಡಿದ. ಪೈಲವಾನ ಭೀಮಶಿಯಾದ. ಚೆಲುವೆ ಅವನ ಹೆಂಡತಿ ನೀಲವ್ವ. ಮಂತ್ರವಾದಿ ಕಾಳಪ್ಪ ಸಾವಕಾರ. ಇಬ್ಬರಿಗೂ ಜಗಳ ಯಾತಕ್ಕೆ? ಹೊಲದ ಬದುವಿಗೆ! ಆ ಕತ್ತಿ ಭೀಮಶಿಯ ಮುತ್ತ್ಯಾನದು, ಸಾವಕಾರ ಅದನ್ನು ಮೋಸದಿಂದ ತನ್ನ ಅಟ್ಟದಲ್ಲಿ ಅಡಗಿಸಿದ್ದಾನೆ. ಸಭಿಕರಿಗೆ ಇದರಲ್ಲಿ ತಿಳಿಯದ್ದು ಏನೂ ಇರಲಿಲ್ಲ. ಬದುವಿನ ಜಗಳ ಇಲ್ಲದ ಮನೆ ಯಾವುದಿದೆ? ಬೆಂಕಿ ಉಗುಳುವ ಪ್ರಾಣಿ ಬಂದಾಗ ಮಾತ್ರ ಟಾಕೀಸೆಲ್ಲ ಗಾಬರಿಯಾಗಿ, "ಇದೇನ್ರಿ ಇದು?" ಎಂದು ಕೂಗಿತು.

"ಸಾವಕಾರ ಸಾಕಿದ ಉಡ!" ಎಂದ ಕಾಕಾ ಮೈಕಿನಲ್ಲಿ.

"ಉಡ ಬೆಂಕಿ ಯಾಕ ಕಾರತೈತಿ?"

"ಪಿತ್ತ ಆಗೈತಿ."

ಪಿತ್ತಕ್ಕೆ ಏನು ಔಷಧ ಕೊಡಬೇಕು ಎಂದು ಗಂಡಸರು ಕೂರುವ ಬಾಕು-ಬೆಂಚುಗಳಲ್ಲಿ ಅರ್ಧ ರೀಲಿನವರೆಗೆ ಚರ್ಚೆ ನಡೆಯಿತಂತೆ. ಇನ್ನೊಂದು ದೃಶ್ಯದಲ್ಲಿ ಭೀಮಶಿ ಎತ್ತರದ ಜಲಪಾತದ ಮೇಲಿಂದ ಜಿಗಿಯುತ್ತಾನೆ. ಕಾಕಾ ಒಂದು ಕ್ಷಣವೂ ಯೋಚಿಸದೆ, "ಇದು ನಮ್ಮ ಗೋಕಾಕ ಫಾಲ್ಸ್!" ಎಂದುಬಿಟ್ಟ. ಮುಂದಿನ ರವಿವಾರ ಮೂಡಲಗಿಯಿಂದ ಹೋದ ಮಂದಿ ಫಾಲ್ಸಿನ ಬಂಡೆಯ ಮೇಲೆ ಭೀಮಶಿಯ ಹೆಜ್ಜೆಯ ಗುರುತು ಹುಡುಕಿದರು. ಇಬ್ಬರು ಕಂಡೆವೆಂದು ಬಂದು ಹೇಳಿದರು ಕೂಡ.

ಆದರೆ ಕಾಕಾನ ಪ್ರತಿಭೆ ಪೂರ್ತಿ ಬೆಳಗಿದ್ದು ರೀಲು ಅದಲುಬದಲಾದ ದಿನ. ಆಪರೇಟರ್ ಕಣ್ತಪ್ಪಿ ಏಳನೆಯ ರೀಲು ಹಾಕಿದ ಮೇಲೆ ಐದನೆಯದನ್ನು ಹಾಕಿದ. ಏಳರಲ್ಲಿ ಭೀಮಶಿಯ ಬೋಳು ತಲೆಯ ಗೆಳೆಯ ಕಂದಕಕ್ಕೆ ಬಿದ್ದು ಸತ್ತಿದ್ದಾನೆ. ಹೆಂಗಸರ ಕಡೆ ಸೆರಗು ಕಣ್ಣಿಗೆ ಹೋಗಿದೆ. ಐದನೆಯ ರೀಲು ಶುರುವಾದರೆ ಅದೇ ಬೋಳುತಲೆಯವನು ಆರಾಮವಾಗಿ ಕುಳಿತು ಕೋಳಿಯ ಕಾಲು ಕಡಿಯುತ್ತಿದ್ದಾನೆ! ಎಲ್ಲರೂ ಪರದೆ ಬಿಟ್ಟು ಕಾಕಾನ ಮುಖ ನೋಡಿದರು.

"ಇಂವ ಅಂವ ಅಲ್ಲ. ಇಂವ ಅವನ ತಮ್ಮ. ಅಂವಳಿ ಜಂವಳಿ!" ಎಂದ ಕಾಕಾ. "ಅಣ್ಣ ಸತ್ತ ಸುದ್ದಿ ಇನ್ನೂ ಮುಟ್ಟಿಲ್ಲ. ಅದಕ್ಕ ಉಣ್ಣಾಕತ್ತಾನ, ಪಾಪ."

ಮರುದಿನ ಆಪರೇಟರ್ ರೀಲುಗಳನ್ನು ಸರಿಯಾದ ಕ್ರಮದಲ್ಲಿ ಹಾಕಿದಾಗ ಗಲಾಟೆಯೇ ಆಯಿತು. "ತಮ್ಮ ಎಲ್ರಿ? ನಾವು ತಮ್ಮನ್ನ ನೋಡಾಕ ಬಂದೇವಿ!" ಎಂದು ಜನ ಬಾಕು ಬಡಿದರು. ಮಾಲೀಕ ಕೈ ಮುಗಿದ. ಅಂದಿನಿಂದ ಏಳರ ನಂತರ ಐದು ಹಾಕುವುದೇ ಮೂಡಲಗಿಯಲ್ಲಿ ಕಾಯಂ ಆಯಿತು. ಜಗತ್ತಿನಲ್ಲಿ ಬೇರೆಲ್ಲಾದರೂ ಪ್ರೇಕ್ಷಕರು ಹಟ ಹಿಡಿದು ಸಿನಿಮಾವನ್ನು ತಪ್ಪು ಕ್ರಮದಲ್ಲಿ ನೋಡಿದ್ದಾರೆಯೇ? ನಾನಂತೂ ಕೇಳಿಲ್ಲ.

ಪಿಚ್ಚರ್ ಎಂಟು ವಾರ ಓಡಿತು. ಕಾಕಾನ ಹೊಲಿಗೆ ಯಂತ್ರವೂ ಓಡಿತು. ಭೀಮಶಿ ಬೆನ್ನಿಗೆ ಹಾಕಿಕೊಳ್ಳುವ ಕೆಂಪು ಹೊದಿಕೆ ಬೇಕೆಂದು ಪಡ್ಡೆಗಳು ಸಾಲು ಹಚ್ಚಿದರು. ಘೋಡಗೇರಿಯ ಮದುಮಗನೊಬ್ಬ ಅದನ್ನು ಹೊದ್ದುಕೊಂಡೇ ಅಕ್ಷತೆಗೆ ನಿಂತ. ಕಾಕಾನ ಅಳತೆ ಗೊತ್ತಲ್ಲ, ಹೊದಿಕೆ ನಾಲ್ಕು ಮೊಳ ಉದ್ದವಾಗಿತ್ತು. ಹಿಂದೆ ನಿಂತಿದ್ದ ಸೋದರಮಾವ ಅದರ ಮೇಲೆ ಕಾಲಿಟ್ಟ, ಮದುಮಗ ಮುಂದೆ ಹೆಜ್ಜೆಯಿಟ್ಟ. ಮುಂದಿನದನ್ನು ನೀವೇ ಊಹಿಸಿಕೊಳ್ಳಿ. ಆ ಮದುವೆಯ ಫೋಟೋದಲ್ಲಿ ಮದುಮಗ ಇಂದಿಗೂ ಮೇಲೆ ನೋಡುತ್ತಿದ್ದಾನೆ.

ಆಗ ನನಗೆ ಆರು ವರ್ಷ. ನಮ್ಮಜ್ಜಿ, ಅಂದರೆ ಕಾಕಾನ ಅವ್ವ, ದಿನಾ ಮಧ್ಯಾಹ್ನದ ಆಟಕ್ಕೆ ಹೋಗುತ್ತಿದ್ದಳು. ಹೆಂಗಸರ ಕಡೆ ಎಲ್ಲರಿಗಿಂತ ಮುಂದೆ, ನೆಲದ ಮೇಲೆ ಕೂರುತ್ತಿದ್ದಳು. ನಾನು ಅವಳ ತೊಡೆಯ ಮೇಲೆ. ಎಂಟು ವಾರ ಒಂದು ದಿನವೂ ತಪ್ಪಿಸಲಿಲ್ಲ. ಮಗನಿಗೆ ಯಾರಾದರೂ ಹೊಡೆದರೆ ಬಿಡಿಸಿಕೊಳ್ಳಲು ಹೋಗುತ್ತಾಳೆ ಎಂದು ನಮ್ಮಪ್ಪ ನಗೆಯಾಡುತ್ತಿದ್ದ. ಕೊನೆಗೆ ಕಾಳಪ್ಪ ಸಾವಕಾರ ಸುಟ್ಟು ಬೂದಿಯಾಗಿ, ಭೀಮಶಿ ನೀಲವ್ವನನ್ನು ಬಿಳಿ ಕುದುರೆಯ ಮೇಲೆ ಕೂರಿಸಿಕೊಂಡು ಗುಡ್ಡದ ಕಡೆ ಹೊರಟ ಕೂಡಲೇ ಕಾಕಾ ಕೂಗುತ್ತಿದ್ದ: "ನೀಲವ್ವ ತವರಮನಿಗೆ ಹೊಂಟ್ಲು! ಪಿಚ್ಚರ್ ಮುಗೀತು! ಸಾವಕಾಶ ಹೊರಗ ಹೋಗ್ರಿ, ಚಪ್ಪಲಿ ನಿಮ್ಮವ ನೋಡಿ ಹಾಕೋರಿ!" ಲೈಟು ಹತ್ತುತ್ತಿತ್ತು. ನಾವು ಮನೆಗೆ ಬರುತ್ತಿದ್ದೆವು.

ಇದಾದ ನಾಲ್ಕು ವರ್ಷಕ್ಕೆ ಕಾಕಾ ಹೆಣ್ಣು ನೋಡಲು ಹುಕ್ಕೇರಿಗೆ ಹೋದ. ಅವಲಕ್ಕಿ ಬಂತು, ಚಹ ಬಂತು. ಮಾತು ಹೇಗೋ ಆ ಪಿಚ್ಚರಿಗೆ ಬಂತು. ಕಾಕಾ ಎದೆಯುಬ್ಬಿಸಿ, ಭೀಮಶಿ ತನ್ನ ಹೆಂಡತಿಗಾಗಿ ಎಷ್ಟು ಕಷ್ಟಪಟ್ಟ ಎಂದು ವರ್ಣಿಸುತ್ತಿದ್ದ. ಒಳಗಿನ ಬಾಗಿಲ ಸಂದಿಯಿಂದ ಒಂದು ದನಿ ಬಂತು: "ಹೇಣ್ತಿ ಅಲ್ರಿ, ಅಕಿ ಅವನ ತಂಗಿ!"

ಹುಕ್ಕೇರಿಯ ಟಾಕೀಸಿನಲ್ಲೂ ಅದೇ ಪಿಚ್ಚರ್ ಬಂದಿತ್ತು. ಅಲ್ಲಿ ಕಥೆ ಹೇಳಿದವನು ಬೇರೆ, ಕಥೆಯೂ ಬೇರೆ. ಅವನ ಪ್ರಕಾರ ಅಣ್ಣ ತಂಗಿಯನ್ನು ನಾಗರಪಂಚಮಿಗೆ ತವರಿಗೆ ಕರೆದೊಯ್ಯಲು ಬಂದಿದ್ದಾನೆ, ಗಡ್ಡದವನು ಅವಳನ್ನು ಕಳಿಸಲೊಲ್ಲದ ಮಾವ!

"ತಂಗಿನ್ನ ಯಾರರ ಹಂಗ ಅಪ್ಕೋತಾರೇನು?" ಎಂದ ಕಾಕಾ.

"ವರ್ಷಕ್ಕೊಮ್ಮಿ ನೋಡಿದ್ರ ಅಪ್ಕೋತಾರ. ನಿಮಗ ತಂಗೇರಿಲ್ಲೇನ್ರಿ?" ಎಂದಿತು ಬಾಗಿಲು.

ಕಾಕಾ ಇದ್ದಕ್ಕಿದ್ದಂತೆ ಸುಮ್ಮನಾದನಂತೆ. ಹೆಣ್ಣಿನ ಕಡೆಯವರು ಸಂಬಂಧ ಮುರಿಯಿತು ಎಂದುಕೊಂಡರು. ಆದರೆ ಹೊರಡುವಾಗ ಅವನೇ, "ಹುಡಿಗಿ ಮಾತು ಚೊಲೋ ಐತಿ" ಎಂದು ಒಪ್ಪಿಗೆ ಕೊಟ್ಟು ಬಂದ. ಹೀಗೆ ಹುಕ್ಕೇರಿಯ ಕಾಕು ಮೂಡಲಗಿಗೆ ಬಂದಳು. ಹೆಂಡತಿಯೋ ತಂಗಿಯೋ ಎಂಬ ಜಗಳವನ್ನು ವರದಕ್ಷಿಣೆಯಂತೆ ತವರಿನಿಂದಲೇ ತಂದಳು. ಅದು ಮೂವತ್ತೈದು ವರ್ಷಗಳಿಂದ ಅವರ ಮನೆಯಲ್ಲಿ ಒಲೆಯ ಹಾಗೆ ದಿನವೂ ಹೊತ್ತುತ್ತದೆ. ಅದರಲ್ಲಿ ಒಂದು ಹಂತ ಮಾತ್ರ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಕಾಕು, "ತವರಮನಿಗೆ ಎಲ್ಲಿ ಹೋದ್ಲು? ಹಿಮದಾಗ ಸತ್ತ ಬಿದ್ದಿದ್ಲು. ನಾ ಈ ಕಣ್ಣೀಲೆ ನೋಡೇನಿ!" ಎಂದ ಕೂಡಲೇ ಕಾಕಾ ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಡೆಯುತ್ತಿದ್ದ. ಸೋಲುವ ಹೊತ್ತಿಗೆ ಓಡಿಹೋಗುತ್ತಾನೆ ಎಂದು ನಾವೆಲ್ಲ ನಗುತ್ತಿದ್ದೆವು. ನಾನೂ ಬಹಳ ನಕ್ಕಿದ್ದೇನೆ.

ಈಗಿನ ಮಾತಿಗೆ ಬರುತ್ತೇನೆ. ನಾನು ಅರಭಾವಿಯ ಕಾಲೇಜಿನ ಆಫೀಸಿನಲ್ಲಿ ಕೆಲಸ ಮಾಡುವವನು. ದಿನಾ ಗೋಕಾಕದಿಂದ ಬಸ್ಸಿನಲ್ಲಿ ಓಡಾಟ. ಮೊನ್ನೆ ಸಂಜೆ ಮುಂದಿನ ಸೀಟಿನಲ್ಲಿ ವಿದ್ಯಾರ್ಥಿಗಳಿಬ್ಬರು ಮೊಬೈಲಿನಲ್ಲಿ ಏನೋ ನೋಡುತ್ತಿದ್ದರು. ಇಣುಕುವುದು ಸಭ್ಯತೆಯಲ್ಲ ಎಂದು ಗೊತ್ತು, ಇಣುಕಿದೆ. ನೋಡಿದರೆ ಗಡ್ಡ, ಕಪ್ಪು ನಿಲುವಂಗಿ, ಪಕ್ಕದಲ್ಲಿ ಹೊಗೆ ಬಿಡುವ ಉಡ! "ಅಯ್ಯೋ, ಇಂವ ನಮ್ಮ ಕಾಳಪ್ಪ ಸಾವಕಾರ!" ಎಂದು ಕಿರುಚಿಬಿಟ್ಟೆ. ಬಸ್ಸಿನಲ್ಲಿದ್ದ ನಿಜವಾದ ಕಾಳಪ್ಪನೊಬ್ಬ ತಿರುಗಿ ನೋಡಿದ.

"ಸರ್, ಇದು ಕಲ್ಟ್ ಪಿಚ್ಚರ್ರಿ" ಎಂದರು ಹುಡುಗರು. ಬಿಡುಗಡೆಯಾದಾಗ ಯಾರೂ ನೋಡದೆ, ಈಗ ಎಲ್ಲರೂ ನೋಡಿ ಕೊಂಡಾಡುವ ಸಿನಿಮಾಕ್ಕೆ ಕಲ್ಟ್ ಎನ್ನುತ್ತಾರೆಂದು ಅವರ ವಿವರಣೆಯಿಂದ ತಿಳಿಯಿತು. ಯಾರೂ ನೋಡಲಿಲ್ಲವೇ? ಮೂಡಲಗಿಯಲ್ಲಿ ಎಂಟು ವಾರ, ಸ್ವಾಮಿ! ಜಗತ್ತಿಗೆ ನಲವತ್ತು ವರ್ಷ ತಡವಾಗಿ ಬುದ್ಧಿ ಬಂದರೆ ಅದಕ್ಕೆ ಮೂಡಲಗಿ ಏನು ಮಾಡಬೇಕು?

ಮನೆಗೆ ಬಂದವನೇ ಸುದ್ದಿ ಹೇಳಿದೆ. ಆಗ ಅಜ್ಜಿ ನಮ್ಮ ಮನೆಯಲ್ಲೇ ಇದ್ದಳು. ತೊಂಬತ್ತಕ್ಕೆ ಹತ್ತಿರವಾದ ಅವಳ ಕಣ್ಣಿಗೆ ಪೊರೆ ಬಂದು ಏಳೆಂಟು ವರ್ಷಗಳಿಂದ ಎಲ್ಲವೂ ಮಸುಕಾಗಿತ್ತು. ಗೋಕಾಕದಲ್ಲಿ ಎರಡೂ ಕಣ್ಣಿನ ಆಪರೇಶನ್ ಮಾಡಿಸಿ, ಚೇತರಿಸಿಕೊಳ್ಳಲೆಂದು ನಾವೇ ಇಟ್ಟುಕೊಂಡಿದ್ದೆವು. ಕಣ್ಣು ಬಂದ ಮೇಲೆ ಅಜ್ಜಿಯ ಕಾಟ ಹೇಳತೀರದು. "ಗೋಡಿ ಹೊಲಸ ಆಗೈತಿ", "ನಿನ್ನ ತಲಿ ಬೋಳ ಆಗೇತಲ್ಲೋ, ಯಾರೂ ಹೇಳೇ ಇಲ್ಲ!" ಎಂದು ದಿನಕ್ಕೊಂದು ಶೋಧ. ಪಿಚ್ಚರಿನ ಸುದ್ದಿ ಕೇಳಿ ಅವಳು ಎದ್ದು ಕುಳಿತಳು. "ಆ ಕತ್ತಿ ಪಿಚ್ಚರ್ರಾ? ನಂಗ ತೋರಸ್ರಿ. ಮಗನ್ನೂ ಸೊಸಿನ್ನೂ ಕರಸ್ರಿ. ಎಲ್ಲಾರೂ ಕೂಡಿ ನೋಡೂಣು" ಎಂದಳು.

ಕಾಕಾನಿಗೆ ಫೋನು ಮಾಡಿದೆ. ಕುಣಿದಾಡುತ್ತಾನೆ ಎಂದುಕೊಂಡಿದ್ದೆ.

"ಹೊಸಾ ಕಣ್ಣಿಗೆ ಟಿವಿ ಬ್ಯಾಡಪಾ" ಎಂದ.

"ಡಾಕ್ಟರು ನೋಡಬಹುದು ಅಂದಾರ, ಕಾಕಾ."

"ಡಾಕ್ಟರಿಗೆ ಏನ ತಿಳಿತೈತಿ! ಆ ಉಡ ಬೆಂಕಿ ಕಾರೋದು ನೋಡಿದ್ರ ಮುದುಕಿ ಹೆದರ್ತಾಳ."

ಮರುದಿನ ಅವನೇ ಫೋನು ಮಾಡಿ, ಈಗಿನ ಕಾಲದವರು ಹಳೆಯ ಪಿಚ್ಚರುಗಳನ್ನು ಕಂಪ್ಯೂಟರಿನಲ್ಲಿ ತಿದ್ದಿ ಕೆಡಿಸಿದ್ದಾರೆ, ಅದನ್ನು ನೋಡುವುದೆಂದರೆ ಹಳಬರಿಗೆ ಅವಮಾನ ಎಂದ. ಅದರ ಮರುದಿನ, ರವಿವಾರ ಗೋಕಾಕದಲ್ಲಿ ಕರೆಂಟು ಇರುವುದಿಲ್ಲವಂತೆ ಎಂದ. ಗೋಕಾಕದ ಕರೆಂಟಿನ ಸುದ್ದಿ ಮೂಡಲಗಿಗೆ ಹೇಗೆ ಹೋಯಿತೋ! ನನಗೆ ಒಳಗೊಳಗೇ ಖುಷಿ. ನನ್ನ ಹೆಂಡತಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವಳು. ಅವಳ ಮುಂದೆ ತನ್ನ ನಲವತ್ತು ವರ್ಷ ಗಾಳಿ ತುಂಬಿದ ಪುಗ್ಗೆ ಒಡೆಯುತ್ತದೆ ಎಂದು ಕಾಕಾನಿಗೆ ಭಯ ಹತ್ತಿದೆ ಎಂದು ತೀರ್ಮಾನಿಸಿದೆ. ಇಂಥ ತಮಾಷೆ ಬಿಡುವುದುಂಟೇ? ರವಿವಾರ ಬಂದೇ ಬರಬೇಕೆಂದು ತಾಕೀತು ಮಾಡಿದೆ.

ರವಿವಾರ ಮಧ್ಯಾಹ್ನ ಊಟವಾದ ಮೇಲೆ ಟಿವಿಯ ಮುಂದೆ ಸಭೆ ಸೇರಿತು. ಅಜ್ಜಿ ಎಲ್ಲರಿಗಿಂತ ಮುಂದೆ. ಕಾಕಾ ಬಂದವನೇ ರಿಮೋಟು ಕೈಯಲ್ಲಿ ಹಿಡಿದು ಕುಳಿತ. ಸಿನಿಮಾ ಶುರುವಾಗಿ ಐದು ನಿಮಿಷ ಅವನು ಗಪ್ಪಾಗಿದ್ದ. ಆಮೇಲೆ ಭೀಮಶಿ ಕತ್ತಿ ಎತ್ತಿದ ನೋಡಿ, ಕಾಕಾನಿಗೆ ತಡೆಯಲಾಗಲಿಲ್ಲ. ಎದ್ದು ಟಿವಿಯ ಬಾಜೂ ನಿಂತೇಬಿಟ್ಟ! ಅರವತ್ತು ದಾಟಿದ ಬೆನ್ನು ನೆಟ್ಟಗಾಯಿತು.

"ನೋಡ್ರಿ, ಇದ ಆ ಬದು. ಮುತ್ತ್ಯಾ ಕಲ್ಲ ಹುಗದಿದ್ದ ಜಾಗಾ!"

"ಕಾಕಾ, ಅದು ಸಮಾಧಿರಿ" ಎಂದಳು ನನ್ನ ಹೆಂಡತಿ.

"ಬದುವಿನ ಮ್ಯಾಲ ಸಮಾಧಿ ಇರಬಾರದು ಅಂತ ಕಾಯ್ದೆ ಐತೇನವಾ?"

ಹೀಗೆಯೇ ನಡೆಯಿತು. ಅವಳು ಒಂದು ಹೇಳಿದರೆ ಅವನದು ಇನ್ನೊಂದು. ಕೊನೆಗೆ ಮೂವತ್ತೈದು ವರ್ಷಗಳ ವ್ಯಾಜ್ಯ ತೀರುವ ದೃಶ್ಯ ಬಂತು. ಕಾಕು ಮುಂದೆ ಸರಿದು, "ಈಗ ಹೇಳವಾ, ಅಕಿ ತಂಗಿ ಹೌದಲ್ಲೋ?" ಎಂದಳು.

"ತಂಗೀನೂ ಅಲ್ರಿ, ಹೇಣ್ತೀನೂ ಅಲ್ರಿ. ಅಕಿ ರಾಣಿ, ಅಂವ ಅಕಿ ಗುಲಾಮ."

"ಮತ್ತ ನಾ ಏನಂದೆ?" ಎಂದ ಕಾಕಾ. "ಲಗ್ನ ಆದಮ್ಯಾಲ ಎಲ್ಲಾರೂ ಅದ ಅಲ್ಲೇನು!"

ಕಾಕು ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಜ್ಜಿಯೂ ನಕ್ಕಳು. ನಾನು ಆರು ವರ್ಷದವನಾಗಿ ಮತ್ತೆ ಆ ಟಾಕೀಸಿನ ನೆಲದ ಮೇಲೆ ಕುಳಿತಂತಿತ್ತು. ಉಡ ಬಂತು. ಪಿತ್ತ ಕಾರಿತು. ಬೋಳುತಲೆಯವನು ಸತ್ತ, ಇಲ್ಲಿ ಅವನ ತಮ್ಮ ಬರಲೇ ಇಲ್ಲವೆಂದು ನಾವೆಲ್ಲ ಬೇಸರ ಮಾಡಿಕೊಂಡೆವು. ಸಾವಕಾರ ಬೂದಿಯಾದ. ಬಿಳಿ ಕುದುರೆ ಗುಡ್ಡದ ಕಡೆ ಹೊರಟಿತು.

"ಮುಗೀತು!" ಎಂದು ಕಾಕಾ ಚಪ್ಪಾಳೆ ತಟ್ಟಿ ಟಿವಿ ಬಂದ್ ಮಾಡಿದ. "ನೀಲವ್ವ ತವರಿಗೆ ಹೊಂಟ್ಲು. ಏಳ್ರಿ, ಏಳ್ರಿ, ಚಹಾ ಮಾಡ್ರಿ."

"ಇನ್ನೂ ಹದಿನಾಕ ಮಿನಿಟು ಐತಿ ಕಾಕಾ, ಕೆಳಗ ತೋರಿಸ್ತಿತ್ತು" ಎಂದೆ ನಾನು.

"ಹೆಸರ ಓಡ್ತಾವ. ಮಾಡಿದವರ ಹೆಸರ. ನೀ ಓದಾಂವೇನು?"

"ನಾ ಹೇಳಲಿಲ್ಲಾ? ಅಕಿ ಸಾಯೋದು ಈಗ ಬರತೈತಿ!" ಎಂದಳು ಕಾಕು ಗೆದ್ದ ಹುಮ್ಮಸ್ಸಿನಲ್ಲಿ. "ಹಚ್ರಿ ಟಿವಿ! ಇವತ್ತ ಎಲ್ಲಾರ ಮುಂದ ಆಗಿ ಹೋಗ್ಲಿ."

ಕಾಕಾ ರಿಮೋಟನ್ನು ಅಂಗಿಯ ಕಿಸೆಗೆ ಹಾಕಿಕೊಂಡು ನೆಟ್ಟಗೆ ಹಿತ್ತಲಿಗೆ ನಡೆದ. ಒಳಗೆ ನಗು. ನಾನೂ ನಗುತ್ತಲೇ ಬೆನ್ನು ಹತ್ತಿದೆ. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅವನು ಕುಳಿತಿದ್ದ.

"ಕೊಡ ಕಾಕಾ ರಿಮೋಟು. ಸೋತಿ ಅಂತ ಒಪ್ಕೊಂಡ ಬಿಡು" ಎಂದೆ.

ಅವನು ತಲೆಯೆತ್ತಿದಾಗ ಅವನ ಮುಖ ನೋಡಿ ನನ್ನ ನಗು ನಿಂತುಹೋಯಿತು.

"ಕಡೀ ರೀಲ ನಾ ಮೂಡಲಗ್ಯಾಗ ತೋರಸಾಕ ಕೊಡಲಿಲ್ಲ" ಎಂದ. "ಎಂಟ ವಾರ ನನ್ನ ಅಂಗಡ್ಯಾಗ ಇಟ್ಟಿದ್ದೆ, ಕತ್ತರಿಸಿದ ಅರಿಬಿ ತುಂಡಿನ ಕೆಳಗ. ಮಾಲೀಕಗ ರೀಲ ಹರದೈತಿ ಅಂದಿದ್ದೆ."

"ಯಾಕ?"

ಅವನು ಹೇಳಿದ. ನನಗೊಬ್ಬಳು ಅತ್ತೆ ಇದ್ದಳು, ಕಾಕಾನಿಗಿಂತ ಎರಡು ವರ್ಷ ಚಿಕ್ಕವಳು. ನನಗೆ ಅವಳ ಮುಖವೇ ಸರಿಯಾಗಿ ನೆನಪಿಲ್ಲ. ಯಮಕನಮರಡಿಗೆ ಕೊಟ್ಟಿದ್ದರು. ಲಗ್ನವಾಗಿ ವರ್ಷವಾಗಿತ್ತು. ಮೂರು ದಿನದ ಜ್ವರ. ಯಮಕನಮರಡಿಯಿಂದ ಹೊರಟ ಮನುಷ್ಯನಿಗೆ ಬಸ್ಸು ತಪ್ಪಿ ಮೂಡಲಗಿಗೆ ಸುದ್ದಿ ಮುಟ್ಟಿದ್ದು ಮರುದಿನ. ಅಜ್ಜಿ ಮತ್ತು ಕಾಕಾ ಎರಡು ಬಸ್ಸು ಬದಲಿಸಿ ಹೋಗಿ ಇಳಿಯುವಷ್ಟರಲ್ಲಿ ಮಣ್ಣು ಕೊಟ್ಟು ಜನ ತಿರುಗಿ ಬರುತ್ತಿದ್ದರು.

"ಮಕ ನೋಡಾಕ ಸಿಗಲಿಲ್ಲಪಾ ಅವ್ವಗ. ಮನಿಗೆ ಬಂದಾಕಿ ಉಣಲಿಲ್ಲ, ಮಾತಾಡಲಿಲ್ಲ, ಅಳಲೂ ಇಲ್ಲ. ತಿಂಗಳಾತು. ಆಗ ಈ ಪಿಚ್ಚರ್ ಬಂತು. ನಿನ್ನನ್ನ ಅಕಿ ತೊಡಿ ಮ್ಯಾಲ ಕುಂಡ್ರಿಸಿ, ಜುಲ್ಮೀಲೆ ಕರಕೊಂಡ ಹೋದೆ. ಉಡಕ್ಕ ಪಿತ್ತ ಆಗೈತಿ ಅಂದಾಗ ಅವ್ವ ನಕ್ಕಳೋ! ತಿಂಗಳ ಮ್ಯಾಲ ಮೊದಲನೇ ಸಲ ನಕ್ಕಳು. ಕಡೀ ರೀಲ ನಾ ಅವತ್ತ ಮುಂಜಾನಿ, ಆಟಕ್ಕಿಂತ ಮೊದಲ ನೋಡಿದ್ದೆ. ಆ ಹುಡಿಗಿ ಸಾಯೋದನ್ನ ಅವ್ವಗ ಹ್ಯಾಂಗ ತೋರಸಲಿ? ಅದಕ್ಕ ತವರಿಗೆ ಕಳಿಸಿದೆ."

ನಾನು ಅವನ ಪಕ್ಕ ಕುಳಿತೆ. ಇಷ್ಟು ವರ್ಷ ನಾವು ನಕ್ಕದ್ದೆಲ್ಲ ನೆನಪಾಗಿ ನಾಚಿಕೆಯಾಯಿತು. "ಕಾಕುಗರ ಹೇಳಬಹುದಿತ್ತಲ್ಲ" ಎಂದೆ.

"ಹೇಳಿದ್ರ ಅಕಿ ಜಗಳ ಬಿಡತಿದ್ಲು. ಅವ್ವ ಯಾಕ ಬಿಟ್ಟಿ ಅಂತ ಕೇಳತಿದ್ಲು" ಎಂದ ಕಾಕಾ. "ಇಷ್ಟ ದಿನ ಕಣ್ಣ ಮಸಕಿದ್ದುವು, ಚಿಂತಿ ಇರಲಿಲ್ಲ. ಈಗ ಕಣ್ಣ ಬಂದಾವಲ್ಲೋ."

ಬೆನ್ನ ಹಿಂದೆ ಬಾಗಿಲು ಸಪ್ಪಳವಾಯಿತು. ಅಜ್ಜಿ ಗೋಡೆ ಹಿಡಿದುಕೊಂಡು ನಿಂತಿದ್ದಳು. ಅವಳ ಹಿಂದೆ ಕಾಕು, ಮುಖದಲ್ಲಿ ನಗುವಿರಲಿಲ್ಲ. ಎಷ್ಟು ಹೊತ್ತಿನಿಂದ ನಿಂತಿದ್ದರೋ ಗೊತ್ತಿಲ್ಲ.

"ಅಕಿ ಸತ್ತಳು ಅಂತ ಹುಕ್ಕೇರಿ ಸೊಸಿ ಮೂವತ್ತೈದ ವರ್ಷದಿಂದ ಒದರಾಕತ್ತಾಳ. ಕಣ್ಣ ಹೋಗಿದ್ದುವು, ಕಿವಿ ಹೋಗಿದ್ದುವೇನೋ?" ಎಂದಳು ಅಜ್ಜಿ. "ಏಳು. ಟಿವಿ ಹಚ್ಚು."

"ಬ್ಯಾಡಬೇ ಯವ್ವಾ."

"ಒಬ್ಬಾಕಿ ಮಗಳ ಮಕ ನೋಡಲಿಲ್ಲ. ಇಕಿದರ ನೋಡತೇನಿ. ಹಚ್ಚು."

ಕಾಕಾ ಎದ್ದು ಬಂದು ಟಿವಿ ಹಚ್ಚಿದ. ಅಜ್ಜಿ ಮತ್ತೆ ಎಲ್ಲರಿಗಿಂತ ಮುಂದೆ, ನೆಲದ ಮೇಲೆ ಕುಳಿತಳು. ಕುದುರೆ ಗುಡ್ಡ ಹತ್ತಿತು. ಎಲ್ಲಿಂದಲೋ ಒಂದು ಬಾಣ ಬಂತು; ಭೀಮಶಿಗೆ ಬೀಳಬೇಕಾದ ಬಾಣಕ್ಕೆ ಅವಳು ಅಡ್ಡಬಂದಳು. ಅವನು ಅವಳನ್ನು ಹಿಮದ ಮೇಲೆ ಮಲಗಿಸಿದ. ಅವಳ ತುಟಿಗಳು ಅಲುಗಾಡಿದವು, ಸಣ್ಣ ದನಿಯಲ್ಲಿ ಏನೋ ಹೇಳುತ್ತಿದ್ದಳು. ಅಜ್ಜಿ ಹೊಸ ಕಣ್ಣುಗಳನ್ನು ಅಗಲವಾಗಿ ತೆರೆದು ನೋಡುತ್ತಿದ್ದಳು.

"ಏನಂತಾಳೋ ಅಕಿ?" ಎಂದು ಕೇಳಿದಳು.

ನನ್ನ ಹೆಂಡತಿ ಬಾಯಿ ತೆರೆದಳು. ಕೋಟೆಯ ಏಳನೆಯ ಬಾಗಿಲ ಕೀಲಿ ಎಲ್ಲಿ ಬಚ್ಚಿಟ್ಟಿದೆ ಎಂದು ಆ ರಾಣಿ ಹೇಳುತ್ತಿದ್ದಳು. ಅಷ್ಟು ಇಂಗ್ಲಿಷ್ ನನಗೂ ತಿಳಿಯುತ್ತದೆ. ಆದರೆ ಅಜ್ಜಿ ಕೇಳಿದ್ದು ಮಗನನ್ನು. ಕಾಕಾ ಟಿವಿಯ ಬಾಜೂ ನಿಂತಿದ್ದ, ಬೆನ್ನು ಬಾಗಿತ್ತು.

"ಅವ್ವ ಬಂದಾಳೇನು ಅಂತ ಕೇಳಾಕತ್ತಾಳಬೇ" ಎಂದ.

ನನ್ನ ಹೆಂಡತಿ ಬಾಯಿ ಮುಚ್ಚಿಕೊಂಡಳು. ಅಜ್ಜಿ ನೆಲದ ಮೇಲೆ ಕೈಯೂರಿ ಸರಿದು ಸರಿದು ಟಿವಿಯ ಹತ್ತಿರ ಹೋದಳು. ಆ ಮುಖದ ಎದುರು, ಒಂದು ಗೇಣು ದೂರದಲ್ಲಿ ಕುಳಿತಳು.

"ಬಂದೇನಿ ಅಂತ ಹೇಳು" ಎಂದಳು.

ಇಂಗ್ಲಿಷ್ ಬಾರದ ನಮ್ಮ ಕಾಕಾ ಟಿವಿಯ ಕಡೆ ಬಾಗಿ, ಕನ್ನಡದಲ್ಲೇ ಹೇಳಿದ.